ಮರದ ಬಟ್ಟಲಲ್ಲಿ ಉಂಡವರು

ಬೆಂಗಳೂರಿನಿಂದ ಮುಂಬಯಿಗೋ ದಿಲ್ಲಿಗೋ ರೈಲಿನಲ್ಲಿ ಹೋದವರಿಗೆ ದೌಂಡ ಎಂಬ ಹೆಸರು ಗೊತ್ತಿರುತ್ತದೆ, ಊರು ಗೊತ್ತಿರುವುದಿಲ್ಲ. ಚಹಾ ಕುಡಿದು, ನೀರಿನ ಬಾಟಲಿ ತುಂಬಿಸಿಕೊಂಡು ಹತ್ತಿಬಿಡುವ ಜಂಕ್ಷನ್ ಅದು. ಪುಣೆಯಿಂದ ಸೋಲಾಪುರದ ಕಡೆಗೆ 1858ರಿಂದ 1860ರ ಹೊತ್ತಿಗೆ ಹಳಿ ಬಿತ್ತು. 1871ರಲ್ಲಿ ಅದೇ ಹಳಿ ನಮ್ಮ ರಾಯಚೂರು ಮುಟ್ಟಿ ಮದ್ರಾಸಿನ ರೈಲಿಗೆ ಕೂಡಿಕೊಂಡಿತು. 1878ರಲ್ಲಿ ಮನಮಾಡದ ದಾರಿ ತೆರೆದಾಗ ಭೀಮಾ ನದಿಯ ದಂಡೆಯ ಈ ಊರು ಜಂಕ್ಷನ್ ಆಯಿತು. ಆಗಿನಿಂದ ಇಲ್ಲಿನ ರೈಲ್ವೆ ಕಾಲೊನಿಯಲ್ಲಿ ಹೊರಗಿನವರೇ ಹೆಚ್ಚು. ತೆಲುಗರು, ತಮಿಳರು, ಆಂಗ್ಲೋ ಇಂಡಿಯನ್ನರು, ಸೋಲಾಪುರ ಕಡೆಯ ಕನ್ನಡದವರು. ನಮ್ಮವರ ರೈಲ್ವೆ ನೌಕರಿಯ ದೆಸೆಯಿಂದ ತೀರ್ಥಹಳ್ಳಿ ಕಡೆಯ ನಾವೂ ಅವರ ಜೊತೆ ಸೇರಿದೆವು.

ಊರು ಬಿಟ್ಟು ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಪಕ್ಕದ ಮನೆಯ ಅಡುಗೆಮನೆ. ಭಾಷೆ ಬರದಿದ್ದರೂ ಪಾತ್ರೆಗಳು ಅರ್ಥವಾಗುತ್ತವೆ. ಇಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಾಥವಟ. ಅಗಲವಾದ, ಆಳ ಕಡಿಮೆಯ ಮರದ ಹರಿವಾಣ. ಜೋಳದ, ಸಜ್ಜೆಯ ಹಿಟ್ಟನ್ನು ಬಿಸಿನೀರು ಹಾಕಿ ಅದರಲ್ಲಿ ನಾದಿ ನಾದಿ ಭಾಕರಿ ಬಡಿಯುತ್ತಾರೆ. ಹಳೆಯ ಕಾಥವಟವನ್ನು ಕೈಯಿಂದ ಸವರಿ ನೋಡಬೇಕು. ಮೂರು ತಲೆಮಾರಿನ ಹೆಂಗಸರ ಅಂಗೈ ಉಜ್ಜಿ ಉಜ್ಜಿ ನಡುವೆ ಕನ್ನಡಿಯಂತೆ ನುಣುಪಾಗಿರುತ್ತದೆ, ಅಂಚಿನಲ್ಲಿ ಮಾತ್ರ ಬಾಚಿಯ ಏಟಿನ ಗುರುತು ಹಾಗೇ ಉಳಿದಿರುತ್ತದೆ. ಸುತ್ತಮುತ್ತ ಸಿಕ್ಕ ದಪ್ಪ ಕಾಂಡದ ಮರವನ್ನು ಊರ ಬಡಿಗ ಕೆತ್ತಿ ಮಾಡಿಕೊಟ್ಟದ್ದು. ಬೇರೆ ಊರಿನಿಂದ ಮರ ತರಿಸಿ ಕಾಥವಟ ಮಾಡಿಸಿದವರನ್ನು ನಾನು ಕಂಡಿಲ್ಲ.

ನಮ್ಮ ಮಲೆನಾಡಿನಲ್ಲಿ ಇದರ ನೆಂಟ ಒಂದಿದೆ, ಮರಿಗೆ. ಹಲಸಿನಂಥ ಮರದಲ್ಲಿ ತೋಡಿದ ಪಾತ್ರೆ. ಉಪ್ಪಿನ ಮರಿಗೆ ಇಲ್ಲದ ಹಳೆಯ ಅಡುಗೆಮನೆ ಇರಲಿಲ್ಲ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ತಾಮ್ರ ಹಿತ್ತಾಳೆಯಲ್ಲಿಟ್ಟರೆ ಪಾತ್ರೆಯನ್ನೇ ತಿನ್ನುತ್ತದೆ. ಮರ ಮಾತ್ರ ಅದನ್ನು ತಾಳಿಕೊಳ್ಳುತ್ತದೆ. ಮರ ಎಂಬ ಮಾತಿನಿಂದಲೇ ಮರಿಗೆ ಹುಟ್ಟಿರಬೇಕು. ಮರಾಠಿಯ ಕಾಥವಟಕ್ಕೂ ಹಿಂದಿಯ ಕಠೌತಿಗೂ ಹಾಗೆಯೇ ಕಾಷ್ಠ ಎಂಬುದು ಮೂಲ. ಎರಡು ಭಾಷೆಗಳೂ ಪಾತ್ರೆಗೆ ಬೇರೆ ಹೆಸರು ಹುಡುಕದೆ ಮರದ ಹೆಸರನ್ನೇ ಇಟ್ಟವು.

ಈ ಪಾತ್ರೆಗಳ ಬಗ್ಗೆ ನಾನು ಯೋಚಿಸತೊಡಗಿದ್ದು ಅಮೆರಿಕದಿಂದ ಬಂದ ಒಂದು ಬಟ್ಟಲಿನ ದೆಸೆಯಿಂದ. ವಿಸ್ಕಾನ್ಸಿನ್‌ನಲ್ಲಿರುವ ಅಕ್ಕನ ಮಗ ರಜಕ್ಕೆ ಬಂದಾಗ ಮೇಪಲ್ ಮರದ ದೊಡ್ಡ ಬಟ್ಟಲೊಂದನ್ನು ತಂದಿದ್ದ. ಕೆನೆಯ ಬಣ್ಣ, ತೆಳ್ಳನೆಯ ಅಂಚು, ಒಳಗೆ ಉಂಗುರದಂಥ ಗೆರೆಗಳು. ಚರಕಿಯ ಮೇಲೆ ತಿರುಗಿಸಿ ಕಡೆದದ್ದು. ಅಲ್ಲಿ ಅದರಲ್ಲಿ ಹಸಿ ತರಕಾರಿಯ ಸಲಾಡ್ ಕಲಸಿ ಮೇಜಿನ ಮೇಲೆ ಇಡುತ್ತಾರಂತೆ. ನಮ್ಮ ಅತ್ತೆ ಒಮ್ಮೆ ಎತ್ತಿ ನೋಡಿದರು. "ಚೆಂದ ಉಂಟು. ಆದರೆ ಮರದ್ದರಲ್ಲಿ ಬಡಿಸ್ತಾರೇನೆ? ಮರ ಎಲ್ಲ ಕುಡೀತದೆ. ಒಂದ್ಸಲ ಹುಳಿ ಕುಡಿದ್ರೆ ಮತ್ತೆ ಬಿಡ್ತದಾ ಅದು?" ಅಂದರು. ಬಟ್ಟಲು ಬಾಳೆಹಣ್ಣು ಇಡುವ ಬಟ್ಟಲಾಯಿತು. ಕೆಲವು ದಿನದ ಮೇಲೆ ಪಕ್ಕದ ಮನೆಯ ಮಾವಶಿ ಬಂದವರು ಅದನ್ನು ಕಂಡದ್ದೇ "ಅಗಬಾಯಿ, ಹೀ ತರ ಕಾಥವಟ!" ಎಂದು ಕೈಗೆತ್ತಿಕೊಂಡರು. ಇಂಥದ್ದನ್ನು ಹಣ್ಣಿಗೆ ಇಟ್ಟಿದ್ದೀರಲ್ಲ ವಹಿನಿ ಎಂದು ಬೈದು, ಹಿಟ್ಟು ತರಿಸಿ, ನಮ್ಮ ಅಡುಗೆಮನೆಯಲ್ಲೇ ನಾದಿ ತೋರಿಸಿದರು. ಭಾಕರಿ ಚೆನ್ನಾಗಿಯೇ ಬಂತು. ಅತ್ತೆಯವರೂ ತಿಂದರು. ಹಿಟ್ಟು ನಾದಲು ಅವರ ತಕರಾರು ಇರಲಿಲ್ಲ, ತಕರಾರು ಇದ್ದದ್ದು ಬಡಿಸಲು, ಉಣ್ಣಲು. ಈ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮೊದಲು ಆ ಅಮೆರಿಕದ ಬಟ್ಟಲಿನ ಮನೆತನ ಹೇಳುತ್ತೇನೆ. ಉತ್ತರ ಅಮೆರಿಕದ ಪೂರ್ವಭಾಗದ ಕಾಡಿನಲ್ಲಿ ಮೇಪಲ್, ಆಶ್, ಚೆರಿ, ವಾಲ್‌ನಟ್, ಟ್ಯುಲಿಪ್ ಮರಗಳು ಹೇರಳ. ಬಿಳಿಯರು ಹೋಗುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಮರದ ಬಟ್ಟಲಲ್ಲಿ ಉಣ್ಣುತ್ತಿದ್ದರು. ಅವರಲ್ಲಿ ಚರಕಿ ಇರಲಿಲ್ಲ. ಮರದ ಮೈಮೇಲೆ ಬುಗುಟಿನಂತೆ ಬೆಳೆಯುವ ಗಂಟನ್ನು ಕಡಿದು, ನಡುವೆ ಕೆಂಡ ಇಟ್ಟು ಸುಟ್ಟು, ಸುಟ್ಟದ್ದನ್ನು ಕೆರೆದು ತೆಗೆದು ಬಟ್ಟಲು ಮಾಡುತ್ತಿದ್ದರು. ಗಂಟಿನಲ್ಲಿ ಎಳೆಗಳು ನೇರ ಇರುವುದಿಲ್ಲ, ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹಾಗಾಗಿ ಅದು ಸುಲಭಕ್ಕೆ ಸೀಳುವುದಿಲ್ಲ. ಯುರೋಪಿನಿಂದ ಬಂದವರು ಈ ಗಂಟಿನ ಗುಣ ಕಂಡುಕೊಂಡು ಅದನ್ನೇ ತಮ್ಮ ಚರಕಿಗೆ ಹತ್ತಿಸಿದರು. ಪಿಂಗಾಣಿ, ತವರ ಕೈಗೆಟುಕುವ ತನಕ ಬಡ ವಲಸಿಗರ ಊಟದ ತಟ್ಟೆ, ಬಟ್ಟಲು ಮರದ್ದೇ. ರೊಟ್ಟಿಯ ಹಿಟ್ಟು ನಾದಲು ಟ್ಯುಲಿಪ್, ಮೇಪಲ್ ಮರದಲ್ಲಿ ತೋಡಿದ ಉದ್ದನೆಯ ಬೋಗುಣಿ ಬೇರೆ. ಅದರ ಚಿತ್ರ ನೋಡಿದರೆ ದೌಂಡದ ಮಾವಶಿ ಅದನ್ನೂ ಕಾಥವಟ ಅಂದುಬಿಡುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಮರದ ಬಟ್ಟಲು ಅಡುಗೆಮನೆಯಿಂದ ಹೊರಟು ಮ್ಯೂಸಿಯಂ ಸೇರಿತು. ಜೇಮ್ಸ್ ಪ್ರೆಸ್ಟಿನಿ ಕಾಗದದಷ್ಟು ತೆಳ್ಳಗಿನ ಬಟ್ಟಲು ಕಡೆದು ತೋರಿಸಿದರು. ಅಟ್ಲಾಂಟದ ವಾಸ್ತುಶಿಲ್ಪಿ ಎಡ್ ಮೌಲ್ತ್ರಪ್ ತಮ್ಮ ಸೀಮೆಯ ಮರಗಳಲ್ಲಿ ಕೊಪ್ಪರಿಗೆಯಷ್ಟು ದೊಡ್ಡ ಬಟ್ಟಲುಗಳನ್ನು ಕಡೆದರು. ಹಸಿ ಮರ ಒಣಗುವಾಗ ಬಿರಿಯದಂತೆ ಅದನ್ನು ರಾಸಾಯನಿಕದ ತೊಟ್ಟಿಯಲ್ಲಿ ನೆನೆಹಾಕುವ ಉಪಾಯ ಅವರದು. ನನಗೆ ಹೆಚ್ಚು ಹಿಡಿಸಿದ್ದು ಬಾಬ್ ಸ್ಟಾಕ್ಸ್‌ಡೇಲ್ ಎಂಬವರ ಕತೆ. ಎರಡನೆಯ ಮಹಾಯುದ್ಧದಲ್ಲಿ ಕೊಲ್ಲುವುದು ತನ್ನಿಂದಾಗದು ಎಂದು ಬಂದೂಕು ಹಿಡಿಯಲು ಒಪ್ಪದವರನ್ನು ಸರಕಾರ ದೂರದ ಶಿಬಿರಗಳಿಗೆ ಕಳಿಸಿ ದುಡಿಸಿಕೊಂಡಿತು. ಸ್ಟಾಕ್ಸ್‌ಡೇಲ್ ಬಟ್ಟಲು ಕಡೆಯಲು ಕಲಿತದ್ದು ಅಂಥ ಶಿಬಿರದಲ್ಲಿ. ಮುಂದೆ ಅವರು ಮದುವೆಯಾದ ಕೇ ಸೆಕಿಮಾಚಿ ಜಪಾನಿ ಮೂಲದವರು. ಅದೇ ಯುದ್ಧದ ಕಾಲದಲ್ಲಿ ಜಪಾನಿಯರೆಂಬ ಒಂದೇ ಕಾರಣಕ್ಕೆ ಅವರ ಮನೆಯವರನ್ನು ಮನೆ ಬಿಡಿಸಿ ಶಿಬಿರಕ್ಕೆ ಹಾಕಿದ್ದರು. ಗಂಡ ಮರದ ಬಟ್ಟಲು ಕಡೆದರೆ ಹೆಂಡತಿ ನಾರಿನಲ್ಲಿ, ಕಾಗದದಲ್ಲಿ, ಒಣ ಎಲೆಯಲ್ಲಿ ಬಟ್ಟಲು ಮಾಡುತ್ತಿದ್ದರು.

ಇನ್ನು ನಮ್ಮ ಕಡೆಗೆ ಬರೋಣ. ಕಡೆಯುವ ಕೆಲಸ ನಮಗೆ ಹೊಸದಲ್ಲ. ಭಾಷೆಯೇ ಸಾಕ್ಷಿ ಹೇಳುತ್ತದೆ. ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ, ಕಲ್ಲನ್ನೂ ಕಡೆಯುತ್ತೇವೆ. ಹಗ್ಗ ಸುತ್ತಿ ಆಚೆ ಈಚೆ ಎಳೆದು ತಿರುಗಿಸುವುದು ಮೊಸರಿನ ಕಡಗೋಲಿಗೂ ಹಳೆಯ ಚರಕಿಗೂ ಒಂದೇ. ಲಕ್ಕುಂಡಿ, ಇಟಗಿ, ಬೇಲೂರು, ಹಳೇಬೀಡುಗಳ ಕಂಬಗಳನ್ನು ನೋಡಿ. ಹನ್ನೊಂದು ಹನ್ನೆರಡನೆಯ ಶತಮಾನದ ಚಾಳುಕ್ಯ, ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನ ಕಂಬವನ್ನೇ ತಿರುಗಿಸಿ ಕಡೆದರು ಎನ್ನುತ್ತಾರೆ ತಿಳಿದವರು. ಕಲ್ಲಿನ ಕಂಬದಲ್ಲಿ ಬಳೆಯ ಹಾಗೆ ಒಂದರ ಕೆಳಗೊಂದು ಸುತ್ತು ತೆಗೆದ ಕೈ ಅದು.

ಮರದ ವಿಷಯಕ್ಕೆ ಬಂದರೆ ಚನ್ನಪಟ್ಟಣ ಇದ್ದೇ ಇದೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕಸುಬುದಾರರು ಕಲಿಸಿದರು ಎಂಬ ಮಾತಿದೆ. ಬಾವಾಸ್ ಮಿಯಾ ಎಂಬವರು ಜಪಾನಿನ ವಿದ್ಯೆ ತಂದು ಕಸುಬನ್ನು ಸುಧಾರಿಸಿದರೆಂದು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಬೆಳ್ಳಗಿನ ಮೃದುವಾದ ಹಾಲೆ ಮರ, ಅರಗು, ಬಣ್ಣ. ಇಷ್ಟೇ ಸಾಮಾನು. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಉಜ್ಜಿದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಎಲೆಯಿಂದ ತಿಕ್ಕಿದರೆ ಹೊಳಪು. ನಮ್ಮ ಗಡಿಗೆ ಹತ್ತಿರದ ಸಾವಂತವಾಡಿಯಲ್ಲೂ, ಆಂಧ್ರದ ಏಟಿಕೊಪ್ಪಾಕದಲ್ಲೂ, ಗುಜರಾತಿನ ಸಂಖೇಡದಲ್ಲೂ ಇಂಥದೇ ಕಸುಬು. ಬುಗುರಿ, ಗಿಲಕಿ, ಕುಂಕುಮದ ಭರಣಿ, ಲಟ್ಟಣಿಗೆ, ತೊಟ್ಟಿಲಿನ ಗೂಟ, ಮಂಚದ ಕಾಲು ಎಲ್ಲ ಕಡೆದರು. ಉಣ್ಣುವ ಬಟ್ಟಲು ಮಾತ್ರ ಕಡೆಯಲಿಲ್ಲ. ಯಾಕೆ?

ಮರಗೆಲಸ ಬಲ್ಲವರು ಒಂದು ಕಾರಣ ಕೊಡುತ್ತಾರೆ. ಲಟ್ಟಣಿಗೆ, ಮಂಚದ ಕಾಲು ಕಡೆಯುವಾಗ ಮರದ ಎಳೆ ಚರಕಿಯ ಉದ್ದಕ್ಕೇ ಇರುತ್ತದೆ. ಕೊಂಬೆ ಸಾಕು, ಎರಡು ಮೊಳೆಗಳ ನಡುವೆ ಸಿಕ್ಕಿಸಿ ತಿರುಗಿಸಬಹುದು. ಬಟ್ಟಲು ಹಾಗಲ್ಲ. ದಪ್ಪ ದಿಮ್ಮಿಯನ್ನು ಸೀಳಿ, ಎಳೆ ಅಡ್ಡಲಾಗಿ ಬರುವ ಹಾಗೆ ಕೂರಿಸಿ, ಒಳಗೆ ತೋಡಬೇಕು. ಪ್ರತಿ ಸುತ್ತಿನಲ್ಲೂ ಉಳಿ ಎರಡು ಸಲ ಎಳೆಯ ತುದಿಗೆ ಎದುರಾಗುತ್ತದೆ. ಕೈ ತಪ್ಪಿದರೆ ಸಿಬಿರು ಏಳುತ್ತದೆ. ಹಾಲೆ ಮರ ಸಣ್ಣ ಮರ, ಅದರ ಕಾಂಡದಲ್ಲಿ ಅಗಲದ ಬಟ್ಟಲು ಹುಟ್ಟುವುದಿಲ್ಲ. ಮೇಲಾಗಿ ಹಗ್ಗದ ಚರಕಿ ಹೋಗಿ ಬಂದು ತಿರುಗುತ್ತದೆ, ಹೋಗುವಾಗ ಮಾತ್ರ ಉಳಿ ಕತ್ತರಿಸುತ್ತದೆ.

ಈ ಕಾರಣ ಸರಿ ಎನಿಸಿದರೂ ಪೂರ್ತಿ ಒಪ್ಪುವಂತಿಲ್ಲ. ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರಕಿಯೂ ಹೋಗಿ ಬಂದು ತಿರುಗುವಂಥದೇ. ಬಾಗುವ ಗಳುವಿಗೆ ಹಗ್ಗ ಕಟ್ಟಿ ಕಾಲಲ್ಲಿ ತುಳಿದು ಅವರು ಶತಮಾನಗಟ್ಟಲೆ ಊರಿಗೆಲ್ಲ ಬಟ್ಟಲು ಕಡೆದುಕೊಟ್ಟರು. ದಪ್ಪ ಮರಕ್ಕೂ ನಮ್ಮಲ್ಲಿ ಬರವಿರಲಿಲ್ಲ. ಹಲಸು, ಮಾವು, ಶಿವನೆ ಎಲ್ಲ ಇದ್ದವು. ಸಾಲದ್ದಕ್ಕೆ, ನಮ್ಮ ದೇಶದಲ್ಲೇ ಬಟ್ಟಲು ಕಡೆದವರೂ ಇದ್ದಾರೆ. ಕುಮಾವೂನಿನ ಬೆಟ್ಟಗಳಲ್ಲಿ ಹರಿಯುವ ನೀರಿನಿಂದಲೇ ಚರಕಿ ತಿರುಗಿಸಿ ಹಾಲು ಮೊಸರಿನ ಮರದ ಪಾತ್ರೆ ಕಡೆಯುವ ಪಂಗಡವಿದೆ. ಅಂದಮೇಲೆ ಕೈಯೂ ಇತ್ತು, ಮರವೂ ಇತ್ತು. ತಡೆದದ್ದು ಬೇರೆ ಏನೋ.

ಅದು ಏನೆಂದು ನಮ್ಮ ಅತ್ತೆ ಒಂದೇ ಮಾತಿನಲ್ಲಿ ಹೇಳಿದ್ದರು. ಮರ ಕುಡಿಯುತ್ತದೆ.

ಮಡಿ ಮೈಲಿಗೆಯ ಲೆಕ್ಕದಲ್ಲಿ ಪ್ರತಿ ಪಾತ್ರೆಗೂ ಒಂದು ಜಾತಕವಿದೆ. ಲೋಹ ಕುಡಿಯುವುದಿಲ್ಲ, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿದರೆ ಶುದ್ಧ. ಮಣ್ಣು ಪೂರ್ತಿ ಕುಡಿಯುತ್ತದೆ, ಆದ್ದರಿಂದ ಎಂಜಲಾದರೆ ಒಡೆದು ಎಸೆಯಬೇಕು. ಎಲೆ ಒಂದೇ ಊಟದ್ದು, ಚಿಂತೆಯೇ ಇಲ್ಲ. ಮರ ಇವುಗಳ ನಡುವೆ ಸಿಕ್ಕಿಕೊಂಡದ್ದು. ತೊಳೆದರೆ ಸಾಲದು, ಎಸೆಯುವಷ್ಟು ಅಗ್ಗವೂ ಅಲ್ಲ. ಮನುಸ್ಮೃತಿ ಮರದ ವಸ್ತುವಿಗೆ ಹೇಳುವ ಶುದ್ಧಿ ಎಂದರೆ ಮೇಲಿನ ಪದರವನ್ನು ಕೆತ್ತಿ ತೆಗೆಯುವುದು. ದಿನಾ ಉಂಡು ದಿನಾ ಕೆತ್ತಿದರೆ ಬಟ್ಟಲು ಎಷ್ಟು ದಿನ ಬಂದೀತು?

ಈಗ ನಮ್ಮ ಮರದ ಸಾಮಾನುಗಳನ್ನು ಸಾಲಾಗಿ ಇಟ್ಟು ನೋಡಿ. ಉಪ್ಪಿನ ಮರಿಗೆ, ಮೊಸರಿನ ಕಡಗೋಲು, ಅಕ್ಕಿ ಅಳೆಯುವ ಸೇರು, ಒನಕೆ, ಲಟ್ಟಣಿಗೆ, ಹಿಟ್ಟಿನ ಕಾಥವಟ. ಇವೆಲ್ಲ ಅನ್ನ ಬೇಯುವುದಕ್ಕೆ ಮೊದಲಿನವು, ಇಲ್ಲವೇ ಹಾಲು ಮೊಸರಿನವು. ಮುಸುರೆಯಾಗುವ ಮುಂಚೆ ಮರ ಇರಬಹುದು, ಮುಸುರೆಯಾದ ಮೇಲೆ ಮರ ದೂರ ಸರಿಯಬೇಕು. ಸಾರಿನ ಸೌಟು ಒಂದಿಷ್ಟು ರಿಯಾಯಿತಿ ಪಡೆದಿತ್ತು, ಆದರೆ ಎಂಜಲು ತಾಗುವ ತಟ್ಟೆ ಬಟ್ಟಲಿಗೆ ರಿಯಾಯಿತಿ ಇರಲಿಲ್ಲ. ಅತ್ತೆಯವರು ಹಿಟ್ಟಿಗೆ ಸರಿ, ಊಟಕ್ಕೆ ಬೇಡ ಎಂದದ್ದು ಇದೇ ಗೆರೆ. ಅವರು ಇದನ್ನು ಯಾವ ಶಾಸ್ತ್ರದಲ್ಲೂ ಓದಿದವರಲ್ಲ, ಕೈಗೆ ಬಂದಿತ್ತು ಅಷ್ಟೇ. ಇದು ನಾನು ಹಾಕಿದ ಲೆಕ್ಕ, ಎಲ್ಲ ಮನೆಗೂ ಹೊಂದಲಿಕ್ಕಿಲ್ಲ. ಮಡಿ ಪಾಲಿಸುವಷ್ಟು ಪಾತ್ರೆಯೇ ಇಲ್ಲದ ಮನೆಗಳು ನಾಡಿನಲ್ಲಿ ಹೆಚ್ಚಿದ್ದವು. ಆದರೆ ಚರಕಿಯವನಿಗೆ ಕಾಸು ಕೊಟ್ಟು ಕೊಳ್ಳುವ ಮನೆಗಳು ಬೇಡ ಎಂದರೆ ಅವನು ಬಟ್ಟಲು ಯಾರಿಗೆ ಕಡೆಯಬೇಕು?

ಹಾಗಾದರೆ ನಮ್ಮಲ್ಲಿ ಮರದ ಬಟ್ಟಲಲ್ಲಿ ಉಂಡವರು ಯಾರು? ಮೊದಲನೆಯವರು ಮನೆ ಬಿಟ್ಟವರು. ಸನ್ಯಾಸಿಗೆ ಸೋರೆಬುರುಡೆ, ಮರ, ಮಣ್ಣು, ಬಿದಿರಿನ ಪಾತ್ರೆ ಆಗಬಹುದು ಎಂದು ಅದೇ ಮನುಸ್ಮೃತಿ ಹೇಳುತ್ತದೆ. ಶ್ವೇತಾಂಬರ ಜೈನ ಸಾಧುಗಳು ಇಂದಿಗೂ ಕಡೆದ ಮರದ ಪಾತ್ರೆಯಲ್ಲೇ ಭಿಕ್ಷೆ ತರುತ್ತಾರೆ. ಹಗುರ, ಬಣ್ಣ ಹಚ್ಚಿದ್ದು, ಒಂದರೊಳಗೊಂದು ಕೂರುವಂಥದು. ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಹೋಗುವವರಿಗೆ ತಕ್ಕದ್ದು. ಎರಡನೆಯವರು ಹಿಮಾಲಯದಾಚೆಯ ಟಿಬೆಟಿನವರು. ಅವರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಮರದ ಬಟ್ಟಲು, ಎದೆಯ ಹತ್ತಿರ ಅಂಗಿಯ ಮಡಿಕೆಯಲ್ಲಿ ಇಟ್ಟುಕೊಂಡು ತಿರುಗುವುದು ರೂಢಿ. ಒಳ್ಳೆಯ ಬಟ್ಟಲು ಮರದ ಗಂಟಿನಿಂದ ಕಡೆದದ್ದು. ಅಮೆರಿಕದ ಕಾಡಿನವರು ಕಂಡುಕೊಂಡ ಗಂಟಿನ ಗುಟ್ಟನ್ನೇ ಇವರೂ ಬೇರೆಯಾಗಿ ಕಂಡುಕೊಂಡರು. ನಾಡು ಕಳೆದುಕೊಂಡ ಅವರಿಗೆ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ನೆಲೆ ಕೊಟ್ಟದ್ದು ನಮ್ಮ ರಾಜ್ಯವೇ. ಮೂರನೆಯದಾಗಿ ಸಂತ ರವಿದಾಸರನ್ನು ನೆನೆಯಬೇಕು. ಚಮ್ಮಾರರಾದ ಅವರು ಚರ್ಮ ನೆನೆಹಾಕುವ ಮರದ ಕಠೌತಿಯಲ್ಲೇ ಗಂಗೆ ಬಂದಳು ಎಂಬ ಕತೆ ಉತ್ತರದಲ್ಲಿ ಮನೆಮಾತು. ಮೈಲಿಗೆಯನ್ನು ಎಲ್ಲಕ್ಕಿಂತ ಹೆಚ್ಚು ಕುಡಿದ ಪಾತ್ರೆಗೇ ಗಂಗೆಯನ್ನು ಕರೆತಂದ ಜನ, ಕತೆಯಲ್ಲಿ ಏನು ಹೇಳುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಮರ ಕುಡಿಯುತ್ತದೆ ಎಂಬುದು ನಿಜವೇ. ಅಮೆರಿಕದ ವಿಜ್ಞಾನಿ ಡೀನ್ ಕ್ಲೈವರ್ 1990ರ ದಶಕದಲ್ಲಿ ತರಕಾರಿ ಹೆಚ್ಚುವ ಮರದ ಹಲಗೆಗಳನ್ನು ಪರೀಕ್ಷಿಸಿದರು. ರೋಗಾಣುಗಳು ಮರದೊಳಕ್ಕೆ ಇಳಿದು, ಮತ್ತೆ ಮೇಲೆ ಬರಲಾರದೆ ಅಲ್ಲೇ ಸಾಯುತ್ತವೆ, ಕತ್ತಿಯ ಗೀರು ಬಿದ್ದ ಪ್ಲಾಸ್ಟಿಕ್ ಹಲಗೆಗಿಂತ ಮರವೇ ವಾಸಿ ಎಂದು ಕಂಡರು. ಕುಡಿದದ್ದನ್ನು ಮರ ಹಿಂದಕ್ಕೆ ಕೊಡುವುದಿಲ್ಲ ಎಂದಾಯಿತು. ಅತ್ತೆಯವರಿಗೆ ಇದನ್ನು ಹೇಳಿದೆ. "ಹಾಗಾದ್ರೆ ಒಳಗೇ ಉಂಟಲ್ಲ" ಅಂದರು. ವಾದದಲ್ಲಿ ಅವರೇ ಗೆದ್ದರು.

ರೈಲು ಬಂದಾಗ ಈ ಗೆರೆಗಳಿಗೆ ದೊಡ್ಡ ಪರೀಕ್ಷೆ ಬಂತು. ಒಂದೇ ಡಬ್ಬಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೋ ಯಾರೂ ಹೇಳುವಂತಿರಲಿಲ್ಲ. ಆದರೆ ನೀರಿನ ಚೊಂಬು ಸೋಲೊಪ್ಪಲಿಲ್ಲ. ಬ್ರಿಟಿಷರ ಕಾಲದಲ್ಲಿ ನಿಲ್ದಾಣಗಳಲ್ಲಿ ಹಿಂದೂ ಪಾನಿ ಬೇರೆ, ಮುಸ್ಲಿಂ ಪಾನಿ ಬೇರೆ ಇಡುತ್ತಿದ್ದರು. 1901ರಲ್ಲಿ ಸಾತಾರಾದಿಂದ ತಂದೆಯನ್ನು ನೋಡಲು ಹೊರಟ ಬಾಲಕ ಅಂಬೇಡ್ಕರ್ ಮಸೂರ ಎಂಬ ನಿಲ್ದಾಣದಲ್ಲಿ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಇಳಿದರು. ಮಕ್ಕಳ ಜಾತಿ ತಿಳಿದದ್ದೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಮುಂದಿನ ಎತ್ತಿನಗಾಡಿಯ ದಾರಿಯಲ್ಲಿ ಬುತ್ತಿ ಇದ್ದರೂ ಕುಡಿಯುವ ನೀರು ಸಿಗದೆ ಮಕ್ಕಳು ಹಸಿದೇ ಮಲಗಿದರು. ಅವರೇ ಇದನ್ನು ಬರೆದಿಟ್ಟಿದ್ದಾರೆ. ಇದಕ್ಕೆಲ್ಲ ರೈಲ್ವೆಯಲ್ಲಿ ಬಳಕೆಗೆ ಬಂದ ಸುಲಭದ ಉತ್ತರ ಮಣ್ಣಿನ ಕುಲ್ಹಡ. ಕುಡಿದು ಒಡೆದುಬಿಡು, ಯಾರ ಎಂಜಲೂ ಯಾರಿಗೂ ಇಲ್ಲ. 2004ರಲ್ಲಿ ಲಾಲೂ ಪ್ರಸಾದರು ರೈಲ್ವೆ ಮಂತ್ರಿಯಾದಾಗ ಕುಂಬಾರರ ಹೊಟ್ಟೆಪಾಡಿಗೆಂದು ಕುಲ್ಹಡವನ್ನು ಮತ್ತೆ ತಂದರು. ಒಂದೇ ಲೋಟ ಒಮ್ಮೆ ಅಂಜಿಕೆಯಿಂದ ಬಂತು, ಇನ್ನೊಮ್ಮೆ ಕನಿಕರದಿಂದ ಬಂತು.

ಈ ಮರದ ಬಟ್ಟಲಿನ ವಿಚಾರ ಹಿಡಿದು ಓದುತ್ತಾ ಹೋದಾಗ ಕರ್ನಾಟಕ, ಅಮೆರಿಕ, ದೌಂಡ ಮೂರನ್ನೂ ತನ್ನ ಬದುಕಿನಲ್ಲಿ ಕೂಡಿಸಿದ ಒಬ್ಬ ಹೆಂಗಸು ಎದುರಾದರು. ದೌಂಡದಿಂದ ಪುಣೆಗೆ ಹೋಗುವ ದಾರಿಯಲ್ಲಿ ಕೇಡಗಾಂವ್ ಎಂಬ ಸಣ್ಣ ನಿಲ್ದಾಣ, ಇದೇ ದೌಂಡ ತಾಲೂಕಿನದು. ಅಲ್ಲಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇದೆ. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅವರು ಹುಟ್ಟಿದ್ದು 1858ರಲ್ಲಿ ತುಂಗೆ ಭದ್ರೆಯರು ಹುಟ್ಟುವ ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನವರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಮುಂದೆ ಸಂಸಾರವೆಲ್ಲ ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ನಡೆಯಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದ ತೀರಿಕೊಂಡರು. ಉಳಿದ ರಮಾಬಾಯಿ ಅಣ್ಣನ ಜೊತೆ ನಡೆದೇ 1878ರಲ್ಲಿ ಕಲ್ಕತ್ತೆ ಸೇರಿ ಪಂಡಿತಾ ಎನಿಸಿಕೊಂಡರು. ಜಾತಿ ಮೀರಿ ಬಂಗಾ಼ಳದವರನ್ನು ಮದುವೆಯಾದರು, ಎರಡೇ ವರ್ಷಕ್ಕೆ ವಿಧವೆಯಾದರು, 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತ ಧರ್ಮ ಸೇರಿದರು. ಧರ್ಮ ಬದಲಾದರೂ ಊಟ ಸಸ್ಯಾಹಾರದ್ದೇ ಉಳಿಯಿತು.

1886ರಲ್ಲಿ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ರಮಾಬಾಯಿ ಫಿಲಡೆಲ್ಫಿಯಾಕ್ಕೆ ಹೋದರು. ಅಮೆರಿಕದಲ್ಲಿ ಎರಡು ವರ್ಷಕ್ಕೂ ಹೆಚ್ಚು ನಿಂತರು. ಆ ದೇಶದ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು, ಅದು 1889ರಲ್ಲಿ ಅಚ್ಚಾಯಿತು. ಅಲ್ಲಿನ ಹೆಂಗಸರ ಓದು, ಸಂಘಟನೆ ನೋಡಿ ಮೆಚ್ಚಿದರೂ ಮೂಲನಿವಾಸಿಗಳಿಗಾದ ಅನ್ಯಾಯವನ್ನು ಮುಚ್ಚಿಡಲಿಲ್ಲ. ಅಲ್ಲಿ ಅವರು ಕಲಿತ ಒಂದು ವಿದ್ಯೆ ನಮ್ಮ ವಿಷಯಕ್ಕೆ ಸೇರಿದ್ದು, ಕಿಂಡರ್‌ಗಾರ್ಟನ್. ಜರ್ಮನಿಯ ಫ್ರೋಬೆಲ್ ಮಕ್ಕಳ ಕೈಗೆ ಕೊಡಲೆಂದು ಯೋಚಿಸಿದ ಸಾಮಾನುಗಳಲ್ಲಿ ಮರದ ಚೆಂಡು, ಉರುಳೆ, ಘನ ಮುಖ್ಯ. ಮಗು ಉರುಳಿಸಿ, ನಿಲ್ಲಿಸಿ, ದಾರ ಕಟ್ಟಿ ತಿರುಗಿಸಿ ಆಕಾರ ತಿಳಿಯಬೇಕು. ಚೆಂಡು, ಉರುಳೆ ಎರಡೂ ಚರಕಿಯ ಕೆಲಸವೇ. ಅಮೆರಿಕದಲ್ಲಿ ಇವನ್ನು ಮಿಲ್ಟನ್ ಬ್ರಾಡ್ಲಿ ಕಂಪನಿ ಮಾಡಿ ಮಾರುತ್ತಿತ್ತು, ಮರ ಅಲ್ಲಿಯದೇ ಮೇಪಲ್. ಮೇಪಲ್‌ಗೆ ವಾಸನೆ ಇಲ್ಲ, ರುಚಿ ಇಲ್ಲ, ಎಳೆ ಒತ್ತಾಗಿರುತ್ತದೆ. ಬಾಯಿಗೆ ಹಾಕುವ ಮಕ್ಕಳಿಗೂ ಸರಿ, ಊಟದ ಬಟ್ಟಲಿಗೂ ಸರಿ. ದೊಡ್ಡ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮುದುಕನಾದ ಮೇಲೂ ಬಾಲ್ಯದ ಆ ಮೇಪಲ್ ತುಂಡುಗಳ ನುಣುಪು ತನ್ನ ಬೆರಳಲ್ಲಿದೆ ಎಂದು ನೆನೆಯುತ್ತಿದ್ದ.

ರಮಾಬಾಯಿ ಊರಿಗೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ಬಾಲವಿಧವೆಯರಿಗೆ ಓದಿನ ಜೊತೆ ಕಿಂಡರ್‌ಗಾರ್ಟನ್ ಪದ್ಧತಿಯನ್ನೂ ಕಲಿಸಿದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ತಾನು ಕ್ರೈಸ್ತಳಾಗಿದ್ದರೂ ಬ್ರಾಹ್ಮಣ ವಿಧವೆಯರು ತಮ್ಮ ಮಡಿಯಲ್ಲೇ ಬೇರೆ ಅಡುಗೆ ಮಾಡಿಕೊಂಡು ಉಣ್ಣಲು ಸದನದಲ್ಲಿ ಅವಕಾಶವಿತ್ತು. ಯಾರ ಬಟ್ಟಲನ್ನೂ ಅವರು ಕಸಿಯಲಿಲ್ಲ. ಆಮೇಲೆ 1896-97ರ ಬರ ಬಂತು. ಹಸಿವು ಏನೆಂದು ಬಲ್ಲ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕೇಡಗಾಂವ್‌ಗೆ ಕರೆತಂದರು. 1900ರ ಬರದಲ್ಲಿ ಗುಜರಾತಿನಿಂದ ಮತ್ತಷ್ಟು. ಸಾವಿರಗಟ್ಟಲೆ ಬಾಯಿಗಳು, ಎಲ್ಲ ಜಾತಿಯವು, ಎಲ್ಲ ಭಾಷೆಯವು. ಶಾಸ್ತ್ರದಿಂದ ಅಳಿಯದ ಗೆರೆ ಹಸಿವಿನಿಂದ ಅಳಿಯಿತು. 1912ರಲ್ಲಿ ಅವರು ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಓದಿಗೆ ಶಾಲೆ ತೆರೆದರು. ಅದನ್ನು ನಡೆಸಿದ್ದು ಮಗಳು ಮನೋರಮಾ. ದೌಂಡದಲ್ಲಿ ರೈಲು ಹತ್ತಿದರೆ ಅದೇ ಹಳಿಯ ಮೇಲೆ ನೇರವಾಗಿ ಕಲಬುರಗಿ. 1921ರಲ್ಲಿ ಮಗಳು, 1922ರಲ್ಲಿ ತಾಯಿ ತೀರಿಕೊಂಡರು. ಗಂಗಾಮೂಲದಿಂದ ಹೊರಟ ಕಾಲು ಕೊನೆಗೂ ನಿಂತದ್ದು ಭೀಮೆಯ ಬಯಲಿನಲ್ಲಿ.

ಮುಂದಿನ ಕತೆ ನಿಮಗೂ ಗೊತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸ್ಟೀಲ್ ಬಂದು ಎಲ್ಲವನ್ನೂ ತೊಳೆದುಹಾಕಿತು. ಹುಳಿ ತಿನ್ನುವುದಿಲ್ಲ, ಕಲಾಯಿ ಬೇಡ, ಒಡೆಯುವುದಿಲ್ಲ, ಏನನ್ನೂ ಕುಡಿಯುವುದಿಲ್ಲ. ಮರಿಗೆ ಅಟ್ಟ ಸೇರಿತು, ಕಾಥವಟದ ಜಾಗಕ್ಕೆ ಪರಾತ ಬಂತು. ಮಡಿಗೂ ಹೋಟೆಲಿಗೂ ಒಂದೇ ತಟ್ಟೆ ಆದದ್ದು ಸಣ್ಣ ಬದಲಾವಣೆಯಲ್ಲ. ಸ್ಟೀಲ್ ಬೈಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮರ ಚೆಂದ, ನಿಜ. ಆದರೆ ಮರವನ್ನು ಊಟದಿಂದ ದೂರ ಇಟ್ಟ ಲೆಕ್ಕವೇ ಮನುಷ್ಯರನ್ನೂ ದೂರ ಇಟ್ಟಿತ್ತು.

ಈಚೆಗೆ ಚನ್ನಪಟ್ಟಣದವರೂ ಬಟ್ಟಲು, ತಟ್ಟೆ ಕಡೆಯುತ್ತಿದ್ದಾರೆ. ಕೊಳ್ಳುವವರಲ್ಲಿ ಹೊರನಾಡಿನವರು, ಹೊರದೇಶದವರು ಬಹಳ. ಅಚ್ಚರಿಯಿಲ್ಲ. ನಮ್ಮಲ್ಲಿ ಮರದ ಬಟ್ಟಲು ಯಾವತ್ತೂ ಮನೆಯಿಂದ ಹೊರಬಿದ್ದವರದೇ ಆಗಿತ್ತು, ಸಾಧುವಿನದು, ಕುರುಬನದು, ನಾಡು ಕಳೆದುಕೊಂಡವನದು. ಊರಲ್ಲಿದ್ದಷ್ಟು ದಿನ ಯಾರ ಪಾತ್ರೆ ಯಾರಿಗೆ ಎಂಬ ಲೆಕ್ಕವನ್ನು ಊರೇ ಇಟ್ಟುಕೊಳ್ಳುತ್ತದೆ. ಊರು ಬಿಟ್ಟ ಮೇಲೆ ಆ ಲೆಕ್ಕ ಇಡುವವರಿಲ್ಲ. ಪಕ್ಕದ ಮನೆಯವರು ಕೊಟ್ಟದ್ದನ್ನು ಅವರ ಪಾತ್ರೆಯಲ್ಲೇ ಉಣ್ಣಬೇಕಾಗುತ್ತದೆ, ಖಾಲಿ ಪಾತ್ರೆ ಹಿಂತಿರುಗಿಸಬಾರದೆಂದು ನಮ್ಮದೇನಾದರೂ ಹಾಕಿ ಕೊಡಬೇಕಾಗುತ್ತದೆ. ದೌಂಡದ ಕಾಲೊನಿಯಲ್ಲಿ ಇಷ್ಟು ವರ್ಷ ಹಾಗೆ ಹೋಗಿ ಬಂದ ಪಾತ್ರೆಗಳಲ್ಲಿ ಯಾವುದು ನಮ್ಮದು, ಯಾವುದು ಅವರದು ಎಂದು ಬೇರ್ಪಡಿಸಲು ಕೂತರೆ ಒಂದು ದಿನ ಸಾಲದು.